ಗೋಣಿಚೀಲ ಬಿಚ್ಚಿದವನು

ಹೋದ ವಾರ ಟಾರ್ಚಿಗೆ ಸೆಲ್ ಹುಡುಕುತ್ತ ಹಳೆಯ ಬಿಸ್ಕತ್ತಿನ ಡಬ್ಬ ತೆರೆದೆ. ಸೆಲ್ ಸಿಗಲಿಲ್ಲ, ತುದಿಗೆ ದಪ್ಪ ಗಾಳವಿದ್ದ ಒಂದು ಗೇಣು ಸ್ಟೀಲ್ ತಂತಿ ಸಿಕ್ಕಿತು. ಮೂಸಿ ನೋಡಿದೆ. ಬೂತಾಯಿ ಮೀನಿನ ಎಣ್ಣೆಯ ವಾಸನೆ ಇನ್ನೂ ಇತ್ತೋ, ನನಗೇ ಹಾಗನ್ನಿಸಿತೋ...

ಅದನ್ನು ಕಟ್ಟಿಕೊಟ್ಟವರು ಅಡ್ಯಾರಿನಾಚೆಯ ಕುಪ್ಪದ, ಅಂದರೆ ತಮಿಳು ಮೀನುಗಾರರ ಕೇರಿಯ, ಒಬ್ಬ ಹಿರಿಯರು. ಅಲ್ಲಿ ಎಲ್ಲರಿಗೂ ಅವರು 'ಪೆರಿಯವರ್', ನನಗೂ ಅಷ್ಟೇ. ನಮ್ಮದು ಈರುಳ್ಳಿಗೂ ಮುಖ ಸಿಂಡರಿಸುವ ಮನೆ. ಭಾನುವಾರ ಬೆಳಿಗ್ಗೆ ವಾಕಿಂಗ್ ಎಂದು ಹೆಂಡತಿಗೆ ಹೇಳಿ ನಾನು ಅವರ ದೋಣಿ ಹತ್ತುತ್ತಿದ್ದೆ. ತಿನ್ನುವ ಆಸೆಯಲ್ಲ, ಹಿಡಿಯುವ ಹುಚ್ಚು.

ಹಾವುಮೀನು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ನೈಲಾನ್ ದಾರವನ್ನು ಅದರ ಹಲ್ಲು ಕತ್ತರಿಸುತ್ತದೆ, ಅದಕ್ಕೇ ಗಾಳಕ್ಕೆ ತಂತಿ. ಬೂತಾಯಿಯ ಹೊಟ್ಟೆ ಸೀಳಿ ಚುಚ್ಚಿ, ಕಲ್ಲುಗಳಿರುವ ಕಡೆ ತಳಕ್ಕೆ ಬಿಡಬೇಕು. ಮೊದಲು ಅದು ಸುಮ್ಮನೆ ತಡವುತ್ತದೆ. ಆಗಲೇ ಎಳೆಯಹೋದರೆ ನನ್ನ ಮೊಣಕೈ ಹಿಡಿದು, "ಅವಸರಪಡಾದೀಂಗ ಸಾರ್" ಎನ್ನುತ್ತಿದ್ದರು. ದಾರ ಒಂದೇ ಸಮನೆ ಬಿಗಿದ ಮೇಲೆ ಮಾತ್ರ ಎಳೆಯಬೇಕು. ನಡುವೆ ನಿಲ್ಲಿಸಿದರೆ ಬಾಲವನ್ನು ಕಲ್ಲಿಗೆ ಸುತ್ತಿಕೊಂಡುಬಿಡುತ್ತದೆ. ಮೇಲೆ ಬಂದ ಕೂಡಲೇ ಒದ್ದೆ ಗೋಣಿಚೀಲಕ್ಕೆ ಇಳಿಸಿ, ದಾರ ಕತ್ತರಿಸಿ, ಚೀಲದ ಬಾಯಿ ಕಟ್ಟಬೇಕು. ದಡ ಸೇರುವವರೆಗೆ ಬಿಚ್ಚುವಂತಿಲ್ಲ.

ನಾನು ಬಿಚ್ಚಿದೆ. ನಾನೇ ಹಿಡಿದ ಮೊದಲ ಹಾವುಮೀನು, ತೋಳಿನಷ್ಟು ಉದ್ದ, ಫೋಟೋ ಬೇಕಿತ್ತು. ಪೆರಿಯವರ್ ಎಂಜಿನ್ ಕಡೆ ತಿರುಗಿದ್ದಾಗ ಗಂಟು ಸಡಿಲಿಸಿದೆ. ಅದು ಚಿಮ್ಮಿ ನನ್ನ ಕಾಲಿನತ್ತ ಬಂತು. ಅವರು ಕೈ ಅಡ್ಡ ಹಾಕಿದರು. ಬಲಗೈ ಹೆಬ್ಬೆರಳಿನ ಬುಡಕ್ಕೆ ಕಚ್ಚಿದ್ದು ಬಿಡಲೇ ಇಲ್ಲ...

ದಡದಲ್ಲಿ ಹತ್ತು ಜನ ಸೇರಿದರು. "ಎಪ್ಪಡಿ ಆಚ್ಚು?" ಹೇಗಾಯಿತೆಂದು ಅವರ ಮಗ ಕೇಳಿದ್ದು ನನ್ನನ್ನು. ಗಾಳ ತೆಗೆಯಲೆಂದು ಪೆರಿಯವರೇ ಚೀಲ ಬಿಚ್ಚಿದರು ಅಂದುಬಿಟ್ಟೆ. ಹತ್ತು ಜನರೆದುರು ದಡ್ಡನಾಗಲು ಮನಸ್ಸಿರಲಿಲ್ಲ, ಅಷ್ಟೇ. ಅವರು ಒಮ್ಮೆ ನನ್ನ ಮುಖ ನೋಡಿದರು. "ಆಮಾ, ವಯಸಾಯಿಡುಚ್ಚು", ಹೌದು, ವಯಸ್ಸಾಯಿತು ಎಂದು ನಕ್ಕರು.

ಗಾಯ ಮಾಯಿತು, ಹೆಬ್ಬೆರಳು ಮಡಚಲಿಲ್ಲ. ಆದರೆ ಮಗ ಅವರನ್ನು ಮತ್ತೆ ಕಡಲಿಗೆ ಬಿಡದಿದ್ದುದು ಬೆರಳಿನ ಕಾರಣಕ್ಕಲ್ಲ, ಅಪ್ಪನ ಬುದ್ಧಿ ಮಂಕಾಯಿತೆಂದು. ಮರಳಿನ ಮೇಲೆ ಕೂತು ಎಡಗೈಯಲ್ಲಿ ಗಾಳ ಕಟ್ಟುತ್ತಿದ್ದರು. ಈ ತಂತಿ ಆಗಿನದು, ಗಾಳಕ್ಕೆ ಸುತ್ತಿದ ಸುರುಳಿ ಸೊಟ್ಟಗಿದೆ. ಅದನ್ನು ಕೊಟ್ಟು, ಕಾಫಿ ಆಯಿತಾ ಎಂದು ಮೊದಲಿನಂತೆಯೇ ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತ ಹೋಗುವುದನ್ನೇ ಬಿಟ್ಟೆ.

ಮೊನ್ನೆ ಭಾನುವಾರ ತಂತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ, ಅವರ ಕಾಲಿಗೆ ಬಿದ್ದಾದರೂ ಮಗನೆದುರು ನಿಜ ಹೇಳಿಬಿಡೋಣವೆಂದು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಪೆರುಂಗುಡಿಯ ಯಾವುದೋ ಆಫೀಸಿನ ನಾಲ್ವರಿಗೆ ಗಾಳ ಹಾಕುವುದನ್ನು ಕಲಿಸುತ್ತಿದ್ದ. ಚೀಲ ಬಿಚ್ಚಬಾರದು, ನಮ್ಮಪ್ಪನಂಥವರೇ ಒಮ್ಮೆ ಬಿಚ್ಚಿ ಕೈ ಹಾಳುಮಾಡಿಕೊಂಡರು ಎಂದು ತಮಿಳಿನಲ್ಲಿ ಹೇಳಿ, ನನ್ನತ್ತ ಕೈ ತೋರಿಸಿದ. ಬೇಕಾದರೆ ಈ ಸಾರ್ ಅವರನ್ನೇ ಕೇಳಿ, ಅವತ್ತು ದೋಣಿಯಲ್ಲಿದ್ದರು ಎಂದ.

ನಾಲ್ವರೂ ನನ್ನ ಮುಖ ನೋಡಿದರು. ಜೇಬಿನೊಳಗೆ ಗಾಳ ಬೆರಳಿಗೆ ತಾಗುತ್ತಿತ್ತು. ಹೌದೆಂದು ತಲೆಯಾಡಿಸಿದೆ.