ಇಳಿಜಾರಿನಲ್ಲಿ ನ್ಯೂಟ್ರಲ್

ಡೀಸೆಲ್ ಉಳಿಸುವುದರಲ್ಲಿ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ನನ್ನನ್ನು ಮೀರಿಸುವ ಡ್ರೈವರು ಇರಲಿಲ್ಲ. ಇದನ್ನು ಬೇರೆಯವರು ಹೇಳಿದರೆ ಚೆನ್ನ, ಆದರೂ ನಾನೇ ಹೇಳುತ್ತೇನೆ. ಮೂವತ್ತೊಂದು ವರ್ಷ ಲಾರಿ ಓಡಿಸಿದವನಿಗೆ ಅಷ್ಟಾದರೂ ಹಕ್ಕಿದೆ. ನಮ್ಮ ಟ್ರಾನ್ಸ್‌ಪೋರ್ಟಿಗೆ ಯಾರೇ ಹೊಸ ಡ್ರೈವರು ಬರಲಿ, ಯಜಮಾನರು ಮೊದಲು ನನ್ನ ಪಕ್ಕ ಕೂರಿಸಿ ಕಳಿಸುತ್ತಿದ್ದರು.

ನನ್ನ ಗುಟ್ಟು ದೊಡ್ಡದೇನಲ್ಲ. ಸ್ಟೇರಿಂಗು ಹಿಡಿಯಲು ಕಲಿಸಿದ ಉಸ್ತಾದ್ ಹೇಳಿಕೊಟ್ಟದ್ದು. ಇಳಿಜಾರು ಕಂಡ ಕೂಡಲೇ ಗೇರು ತೆಗೆದು ನ್ಯೂಟ್ರಲ್ ಮಾಡು, ಗಾಡಿ ತನ್ನ ಭಾರಕ್ಕೆ ತಾನೇ ಉರುಳಲಿ, ಹಂಪು ಬಂದಾಗ ಬ್ರೇಕು ಒತ್ತು. ಇದು ಅಪಾಯ ಎಂದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೂ ನಮ್ಮ ಕಡೆ ಬಹಳ ಜನ ಹಾಗೇ ಇಳಿಸುತ್ತಿದ್ದೆವು, ಅದನ್ನೇ ಜಾಣತನ ಎಂದುಕೊಂಡಿದ್ದೆವು.

ಹಾಗೆ ಮಾಡದವನು ಒಬ್ಬನಿದ್ದ. ಪಾಂಡವಪುರದವನು, ಒಕ್ಕಲು ಮನೆಯವನು, ಎಲ್ಲರ ಬಾಯಲ್ಲೂ ಗೌಡ. ಪ್ರಾಯದಲ್ಲಿ ಕಬ್ಬಿನ ಟ್ರಾಕ್ಟರು ನ್ಯೂಟ್ರಲ್‌ನಲ್ಲಿ ಇಳಿಯುತ್ತಾ ಅವನ ಕೈತಪ್ಪಿ ನಾಲೆಗೆ ನುಗ್ಗಿತ್ತಂತೆ. ಅಂದಿನಿಂದ ಎಂಥ ಇಳಿಜಾರಿನಲ್ಲೂ ಗೇರು ತೆಗೆಯುತ್ತಿರಲಿಲ್ಲ. ಅವನ ಲಾರಿ ಡೀಸೆಲ್ ಕುಡಿಯುತ್ತಿತ್ತು, ಯಜಮಾನರು ಬಯ್ಯುತ್ತಿದ್ದರು, ನಾನು ಅವನನ್ನು ಅಂಜುಬುರುಕ ಎಂದು ಎಲ್ಲರೆದುರು ಆಡಿಕೊಳ್ಳುತ್ತಿದ್ದೆ. ಅವನು ಹಲ್ಲುಕಿರಿಯುತ್ತಿದ್ದ.

ಹೀಗಿರುವಾಗ ನಮ್ಮ ಶೆಡ್ಡಿಗೆ ಕರೆಂಟ್ ಲಾರಿ ಬಂತು. ನಾವು ಪಶು ಆಹಾರದ ಮೂಟೆ ಸಾಗಿಸುವವರು. ಮೂಟೆ ತುಂಬಿಸುವ ಫ್ಯಾಕ್ಟರಿಯವರು ಇನ್ನು ಮುಂದೆ ಹೊಗೆ ಬಿಡದ ಲಾರಿ ಇದ್ದವರಿಗೇ ಬಾಡಿಗೆ ಎಂದುಬಿಟ್ಟಿದ್ದರು. ಆ ಬಾಡಿಗೆ ಕೈಬಿಟ್ಟರೆ ನಾವು ಆರು ಜನ ಡ್ರೈವರುಗಳು ಬೇರೆ ಕೆಲಸ ಹುಡುಕಬೇಕಾಗಿತ್ತು. ಯಜಮಾನರು ಹದಿನೈದು ದಿನದ ಪರೀಕ್ಷೆಗೆಂದು ಒಂದು ದೊಡ್ಡ ಟ್ರೈಲರ್ ಲಾರಿ ತರಿಸಿದರು. ಬೆಳಿಗ್ಗೆ ನಮ್ಮ ಶೆಡ್ಡಿನಲ್ಲಿ ಪೂರ್ತಿ ಚಾರ್ಜು ಮಾಡಿಕೊಂಡು ಹೊರಡಬೇಕು. ಪಾಂಡವಪುರ ದಾಟಿ, ಶೀಳನೆರೆ ಕಡೆಯಿಂದ ಕೆ.ಆರ್. ಪೇಟೆಗೆ ಹೋಗಿ ಅರ್ಧ ಲೋಡು ಇಳಿಸಿ, ನಾಗಮಂಗಲದಲ್ಲಿ ಉಳಿದದ್ದು ಇಳಿಸಬೇಕು. ಅಲ್ಲಿಂದ ಆದಿಚುಂಚನಗಿರಿ ಕಡೆಯ ಗೋಡೌನಿನಲ್ಲಿ ರಾಗಿ ಮೂಟೆ ತುಂಬಿಕೊಂಡು ಸಂಜೆಗೆ ವಾಪಸು. ದಾರಿಯಲ್ಲೆಲ್ಲೂ ಅಂಥ ಲಾರಿಗೆ ಚಾರ್ಜರ್ ಇಲ್ಲ. ಒಂದೇ ಚಾರ್ಜಿನಲ್ಲಿ ಸುತ್ತು ಮುಗಿಯಬೇಕು, ಮುಗಿದ ಮೇಲೂ ಐದರಲ್ಲೊಂದು ಪಾಲು ಮಿಕ್ಕಿರಬೇಕು ಎಂಬುದು ಯಜಮಾನರ ಶರತ್ತು. ಓಡಿಸುವವನು ನಾನಲ್ಲದೆ ಇನ್ಯಾರು?

ಲಾರಿ ಕಂಪನಿಯಿಂದ ಒಬ್ಬ ಎಂಜಿನಿಯರ್ ಹೆಣ್ಣುಮಗಳು ಬಂದು ಎಲ್ಲ ವಿವರಿಸಿದಳು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಲೇಬೇಡಿ ಎಂದೂ ಹೇಳಿದಳು. ನನ್ನ ಸರ್ವೀಸಿನಷ್ಟು ಇವಳಿಗೆ ವಯಸ್ಸಾಗಿಲ್ಲ, ನನಗೆ ಇಳಿಜಾರು ಕಲಿಸಲು ಬಂದಿದ್ದಾಳೆ ಎಂದು ನಾನು ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಲಾರಿಯನ್ನು ಮಾತ್ರ ಬಯ್ಯುವಂತಿರಲಿಲ್ಲ. ತುಂಬಿದ ಲೋಡು ಹೊತ್ತು ಏರಿನಲ್ಲಿ ಉಸ್ಸೆನ್ನದೆ ಹತ್ತುತ್ತಿತ್ತು. ಹೊಗೆಯಿಲ್ಲವೆಂದು ಹಮಾಲಿಗಳು ಗೋಡೌನಿನ ಒಳಕ್ಕೇ ಕರೆದುಕೊಂಡು ಮೂಟೆ ಇಳಿಸಿದರು. ಆದರೆ ಚಾರ್ಜು ನಿಲ್ಲಲಿಲ್ಲ. ದಿನಾ ವಾಪಸು ಬರುವಾಗ ಪಾಂಡವಪುರ ಮುಟ್ಟುವ ಹೊತ್ತಿಗೆ ಕೆಂಪು ದೀಪ ಹತ್ತಿಕೊಳ್ಳುತ್ತಿತ್ತು. ಒಂದು ದಿನವಂತೂ ಎ.ಸಿ. ಆರಿಸಿ, ಬೆವರು ಸುರಿಸಿಕೊಂಡು, ಎತ್ತಿನ ಗಾಡಿಗೆ ದಾರಿ ಬಿಟ್ಟುಕೊಡುತ್ತಾ ಶೆಡ್ಡು ಸೇರಿದೆ. ಆರು ದಿನ ಹೀಗೇ ಆಯಿತು. ಇದು ನಮ್ಮ ರೋಡಿಗೆ ಆಗಿಬರುವ ಗಾಡಿಯಲ್ಲ ಎಂದು ಶನಿವಾರ ಯಜಮಾನರಿಗೆ ಹೇಳಿದೆ. ಅವರು ಆಗಲೇ, ಬುಧವಾರ ಬಂದು ಲಾರಿ ತೆಗೆದುಕೊಂಡು ಹೋಗಿ ಎಂದು ಕಂಪನಿಗೆ ಫೋನು ಮಾಡಿದರು. ನನ್ನ ಮಾತಿಗೆ ಅಷ್ಟು ಬೆಲೆ ಇತ್ತು.

ಸೋಮವಾರ ತಂಗಿಯ ಮಗಳ ಮದುವೆಗೆಂದು ನಾನು ರಜೆ ಹಾಕಿದೆ. ತುಂಬಿ ನಿಂತಿದ್ದ ಲೋಡು ಹೋಗಬೇಕಲ್ಲ, ಕರೆಂಟ್ ಲಾರಿಗೆ ಗೌಡ ಹತ್ತಿದ. ಸಂಜೆ ಮದುವೆ ಮನೆಗೇ ಶೆಡ್ಡಿನಿಂದ ಫೋನು ಬಂತು. ಗೌಡ ಸುತ್ತು ಮುಗಿಸಿ ಬಂದಿದ್ದಾನೆ, ನಾಲ್ಕರಲ್ಲೊಂದು ಪಾಲು ಚಾರ್ಜು ಹಾಗೇ ಉಳಿದಿದೆ.

ಮದುವೆಯ ಬಿರಿಯಾನಿ ಅರ್ಧಕ್ಕೇ ಬಿಟ್ಟು ಎದ್ದೆ. ಕಡಿಮೆ ಮೂಟೆ ಹಾಕಿಕೊಂಡಿರಬೇಕು ಎಂದುಕೊಂಡು ಮಾರನೆಯ ಬೆಳಿಗ್ಗೆ ತೂಕದ ಚೀಟಿ ನೋಡಿದೆ. ನನ್ನ ಲೋಡಿಗಿಂತ ಒಂದು ಕೈ ಜಾಸ್ತಿಯೇ ಇತ್ತು. ಅಡ್ಡದಾರಿ ಹಿಡಿದನೇ ಎಂದರೆ, ಎಲ್ಲ ಗೋಡೌನಿನ ಸೀಲೂ ಚೀಟಿಯ ಮೇಲಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೂ ಕಾರಣ ತಿಳಿಯದೆ ಇರಲಾಗಲಿಲ್ಲ. ಇವತ್ತು ನಿನ್ನ ಪಕ್ಕ ಕೂತು ಬರುತ್ತೇನೆ ಎಂದು ಗೌಡನನ್ನು ಕೇಳಿದೆ. ನನ್ನ ಬಾಯಿಂದ ಆ ಮಾತು ಬಂದದ್ದು ಕಂಡು ಅವನೇ ಗಾಬರಿಯಾದ.

ಹೋಗುವಾಗ ನನಗೇನೂ ತಿಳಿಯಲಿಲ್ಲ. ರಾಗಿ ತುಂಬಿಕೊಂಡು ನಾಗಮಂಗಲ ಬಿಟ್ಟ ಮೇಲೆ ದಾರಿ ಇಳಿಯುತ್ತಾ ಬರುತ್ತದೆ. ಮೊದಲ ಇಳಿಜಾರು ಸಿಕ್ಕ ಕೂಡಲೇ ನನ್ನ ಎಡಗೈ ತಾನಾಗಿ ಎದ್ದು ಇಲ್ಲದ ಗೇರನ್ನು ಹುಡುಕಿತು, ಬಾಗಿಲಿಗೆ ಬಡಿಯಿತು. ಎರಡನೆಯದರಲ್ಲೂ ಹಾಗೇ ಆಯಿತು. ಗೌಡ ಆಕ್ಸಿಲರೇಟರಿನಿಂದ ಕಾಲು ಮಾತ್ರ ಎತ್ತುತ್ತಿದ್ದ, ಬೇರೇನೂ ಮಾಡುತ್ತಿರಲಿಲ್ಲ. ಲಾರಿ ತಾನಾಗಿ ಬಿಗಿ ಹಿಡಿದು ನಿಧಾನವಾಗುತ್ತಿತ್ತು. ಹಂಪಿನ ಹತ್ತಿರ ಅವನು ಬ್ರೇಕು ಮುಟ್ಟುವುದೇ ಅಪರೂಪ.

"ಅಲ್ನೋಡಿ ಭಾಯ್," ಎಂದು ಗೌಡ ಡಿಸ್‌ಪ್ಲೇ ತೋರಿಸಿದ. "ಇಳೀತಾ ಇದ್ರೆ ಏರ್ತಾ ಅದೆ."

ಚಾರ್ಜಿನ ಅಂಕಿ ನಿಜಕ್ಕೂ ಒಂದು ಮೇಲಕ್ಕೆ ಹೋಗಿತ್ತು. ಆಗ ಎಂಜಿನಿಯರಮ್ಮನ ಪಾಠ ತಲೆಗೆ ಹತ್ತಿತು. ಗೇರಿನಲ್ಲಿದ್ದು ಕಾಲೆತ್ತಿದರೆ ಲಾರಿಯ ಮೋಟಾರು, ಸೈಕಲ್ಲಿನ ಡೈನಮೋ ಹಾಗೆ, ತಿರುಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ನ್ಯೂಟ್ರಲ್ ಮಾಡಿದರೆ ತುಂಬುವುದಿಲ್ಲ. ಅಂದರೆ ನಾನು ಆರು ದಿನ ಪ್ರತಿ ಇಳಿಜಾರಿನಲ್ಲೂ ಬಂದ ಲಕ್ಷ್ಮಿಯನ್ನು ಒದ್ದು, ಪ್ರತಿ ಹಂಪಿನಲ್ಲೂ ಬ್ರೇಕಿನಲ್ಲಿ ಸುಟ್ಟಿದ್ದೆ. ನಾನು ಜಾಣತನ ಎಂದುಕೊಂಡದ್ದೇ ಲಾರಿಗೆ ಮುಳುವಾಗಿತ್ತು. ಅವನ ಅಂಜಿಕೆಯೇ ಸರಿಯಾದ ಡ್ರೈವಿಂಗ್ ಆಗಿತ್ತು.

ಗೌಡ ಇದನ್ನು ಯಾರಿಗೂ ಹೇಳುವವನಲ್ಲ. ಹೇಳಿದ್ದರೂ ಅವನ ಮಾತು ಯಜಮಾನರು ಕೇಳುತ್ತಿರಲಿಲ್ಲ, ಒಂದು ದಿನ ಅದೃಷ್ಟ ಕೂಡಿಬಂತು ಎನ್ನುತ್ತಿದ್ದರು. ನಾನು ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಲಾರಿ ಹೋಗುತ್ತಿತ್ತು, ಅದರ ಹಿಂದೆ ಬಾಡಿಗೆಯೂ ಹೋಗುತ್ತಿತ್ತು.

ಬುಧವಾರ ಬೆಳಿಗ್ಗೆ ಎಂಜಿನಿಯರಮ್ಮ ಬಂದಳು. ಶೆಡ್ಡಿನಲ್ಲಿ ಯಜಮಾನರು, ನಾವು ಆರೂ ಡ್ರೈವರುಗಳು ಇದ್ದೆವು, ಅದರಲ್ಲಿ ಇಬ್ಬರು ನಾನೇ ಕೆಲಸ ಕಲಿಸಿದ ಹೊಸಬರು.

"ಗಾಡೀದು ತಪ್ಪಿಲ್ಲ ಯಜಮಾನ್ರೇ," ಎಂದೆ. "ತಪ್ಪು ನಂದು. ನಾನು ಇಳಿಜಾರಲ್ಲೆಲ್ಲ ನ್ಯೂಟ್ರಲ್ ಮಾಡ್ಬುಟ್ಟೆ."

ಯಜಮಾನರು ನನ್ನ ಮುಖವನ್ನೇ ನೋಡಿದರು, ಆಮೇಲೆ ಗೌಡನ ಮುಖ ನೋಡಿದರು. "ಅಂಗಾದ್ರೆ ಇವತ್ತು ನೀವೇ ಓಡ್ಸಿ ತೋರ್ಸಿ ಸಾಬ್ರೇ," ಎಂದರು.

ಎಂಜಿನಿಯರಮ್ಮ ಪಕ್ಕದಲ್ಲಿ ಕೂತಳು. ವಾಪಸು ಬರುವ ದಾರಿಯುದ್ದಕ್ಕೂ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ. ಸ್ಟೇರಿಂಗಿಗೆ ಎರಡು ಕೈ ಬೇಕು ಎಂದು ಅವಳು ಗದರಿದಳು. ಈ ಸಲ ಕೇಳಿದೆ. ಸಂಜೆ ಶೆಡ್ಡಿಗೆ ಬಂದಾಗ ಮೂರರಲ್ಲೊಂದು ಪಾಲು ಮಿಕ್ಕಿತ್ತು, ಗೌಡನಿಗಿಂತ ಜಾಸ್ತಿ. ಅಭ್ಯಾಸ ಹೋದರೂ ಕೈಚಳಕ ಹೋಗಿರಲಿಲ್ಲ ನೋಡಿ. ಯಜಮಾನರು ಅಲ್ಲೇ ಲಾರಿ ಉಳಿಸಿಕೊಂಡರು, ಇನ್ನೆರಡಕ್ಕೆ ಹೇಳಿದರು.

ಮೊದಲ ವಾರ ಚಾರ್ಜು ಯಾಕೆ ಸಾಲಲಿಲ್ಲ ಎಂಬುದಕ್ಕೆ ಕಂಪನಿಯ ಕಾಗದದಲ್ಲಿ ಕಾರಣ ಬರೆಯಬೇಕಿತ್ತು. ಅವಳು ನನ್ನ ಮಾನ ಉಳಿಸಲು ರಸ್ತೆ ಸರಿಯಿಲ್ಲ ಎಂದು ಬರೆಯಹೊರಟಳು. ಬೇಡಮ್ಮ, ಚಾಲಕನ ತಪ್ಪು ಎಂದು ಕನ್ನಡದಲ್ಲೇ ಬರಿ ಎಂದೆ. ಅದರ ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ರುಜು ಮಾಡಿದೆ, ಒಂದು ನಕಲು ಕೇಳಿ ತಂದೆ.

ನನ್ನ ಹೆಂಡತಿ ಗಂಜಾಮಿನ ಕನ್ನಡ ಶಾಲೆಯಲ್ಲಿ ಓದಿದವಳು. ಕಾಗದವನ್ನು ಎರಡು ಸಲ ಓದಿದಳು. ಇದರಲ್ಲಿ ನಿಮ್ಮದೇ ತಪ್ಪು ಎಂದು ಬರೆದಿದೆಯಲ್ಲ, ಹರಿದು ಹಾಕಲೇ ಎಂದು ಕೇಳಿದಳು.

ಬೀರುವಿನಲ್ಲಿಡು, ನನ್ನ ಲೈಸೆನ್ಸಿನ ಜೊತೆಗೆ ಎಂದೆ.