ಮಧ್ಯಾಹ್ನ ಮೂರರ ಗ್ರಹಣ

ಕೆಲವು ವಾರಗಳಿಂದ ನಾನು ಪಕ್ಕದ ಮನೆಯ ಮೌರೀನಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದೇನೆ. ಕಸದ ಬಿನ್ ಹೊರಗಿಡುವ ಮೊದಲು ಅವರ ಮನೆಯ ಪರದೆ ಸರಿದಿದೆಯೇ ಎಂದು ನೋಡುತ್ತೇನೆ. ಆಕೆ ತೋಟಕ್ಕೆ ಇಳಿದರೆ ನನಗೆ ಒಳಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗುತ್ತದೆ. ಪಾಪ, ಆಕೆ ನನಗೆ ಯಾವ ಕೇಡನ್ನೂ ಮಾಡಿದವಳಲ್ಲ. ನಿವೃತ್ತ ಮುಖ್ಯೋಪಾಧ್ಯಾಯಿನಿ, ನನ್ನ ಗೋಳಿಬಜೆಯ ದೊಡ್ಡ ಅಭಿಮಾನಿ. ಆದರೆ ನನ್ನ ಮಾನ ಹೋದ ಮಧ್ಯಾಹ್ನ ಆಕೆ ನಮ್ಮ ಸೋಫಾದ ಮೇಲೇ ಕೂತಿದ್ದಳು. ಕೂತದ್ದು ಹೋಗಲಿ, ಒಂದು ಪ್ರಶ್ನೆಯನ್ನೂ ಕೇಳಿಬಿಟ್ಟಳು. ನಿಮ್ಮ ಹತ್ತಿರ ಹೇಳಿಕೊಂಡರೆ ಸ್ವಲ್ಪ ಹಗುರವಾದೀತೇನೋ ಎಂದು ಬರೆಯುತ್ತಿದ್ದೇನೆ.

ನಾವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬದಿಯ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿದ್ದೇವೆ. ನನ್ನ ಗಂಡ ಸುಧಾಕರ ಇಂಜಿನಿಯರು, ನಾನು ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಮಾತ್ರೆ ಎಣಿಸುವವಳು. ಇಬ್ಬರೂ ಮಂಗಳೂರು ಕಡೆಯವರು, ಇಬ್ಬರೂ ಕ್ರಿಕೆಟ್ಟಿನವರು. ಗೋಡೆಗೆ ಡಿಶ್ ಹಾಕಿಸಿ, ಇದ್ದಬದ್ದ ಸ್ಪೋರ್ಟ್ಸ್ ಚಾನೆಲ್ಲುಗಳನ್ನೆಲ್ಲ ಕಟ್ಟಿಸಿಕೊಂಡದ್ದು ಕ್ರಿಕೆಟ್ಟಿಗಾಗಿಯೇ. ಫುಟ್‌ಬಾಲ್ ನಮ್ಮ ಮನೆಗೆ ಬಂದದ್ದು ಮಗಳ ಕಾಲಿನಿಂದ. ಹತ್ತು ವರ್ಷದ ಪ್ರಣತಿ ಶಾಲೆಯ ಹುಡುಗಿಯರ ತಂಡ ಸೇರಿ, ಕಾರ್ಪೆಟ್ಟಿನ ಮೇಲೆಲ್ಲ ಕೆಸರಿನ ರಂಗೋಲಿ ಹಾಕತೊಡಗಿದ ಮೇಲೆ ನಮಗೆ ಅಂಥದೊಂದು ಆಟ ಇದೆಯೆಂದು ಖಾತ್ರಿಯಾಯಿತು.

ಒಂದು ದಿನ ಅವಳು ಶಾಲೆಯಿಂದ ಉಸಿರು ಬಿಡದೆ ಓಡಿ ಬಂದಳು. ಬರ್ಮಿಂಗ್‌ಹ್ಯಾಮಿನ ದೊಡ್ಡ ತಂಡದ ಪಂದ್ಯಕ್ಕೆ ಮುಂಚೆ, ಆಟಗಾರರ ಕೈ ಹಿಡಿದು ಮೈದಾನಕ್ಕೆ ಬರುವ ಮಕ್ಕಳಿರುತ್ತಾರಲ್ಲ, ಅದಕ್ಕೆ ಅವಳ ಶಾಲೆಯಿಂದ ಒಬ್ಬರನ್ನು ಚೀಟಿ ಎತ್ತಿ ಆರಿಸಿದ್ದರು. ಚೀಟಿಯಲ್ಲಿ ಇವಳ ಹೆಸರು! ಶನಿವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ. ಜೊತೆಗೆ ಮನೆಯ ಇಬ್ಬರು ದೊಡ್ಡವರಿಗೆ ಟಿಕೆಟ್ಟು. ನಮ್ಮ ಮನೆಯಲ್ಲಿ ದೊಡ್ಡವರು ಇಬ್ಬರೇ. ಲೆಕ್ಕ ಸರಿಹೋಗಿತ್ತು. ಸರಿಹೋದ ಲೆಕ್ಕವನ್ನು ಕೆಡಿಸಿದವಳು ನಾನು.

ನನ್ನ ತರ್ಕ ಕೇಳಿ. ಅಷ್ಟು ದೊಡ್ಡ ಸ್ಟೇಡಿಯಮ್ಮಿನಲ್ಲಿ ಎಲ್ಲೋ ಮೇಲೆ ಕೂತರೆ ಮಗು ಇರುವೆಯಷ್ಟು ಕಾಣುತ್ತದೆ. ಟಿವಿಯಲ್ಲಾದರೆ ಮುಖ ಗೋಡೆಯಗಲ ಬರುತ್ತದೆ. ಇದು ನನ್ನೊಬ್ಬಳ ಹುಚ್ಚು ಎನ್ನಬೇಡಿ, ನಮ್ಮವರ ಜಾಯಮಾನವೇ ಹಾಗೆ. ಊರಿನ ಯಾವ ಮದುವೆ ಹಾಲಿಗಾದರೂ ಹೋಗಿ ನೋಡಿ. ಎದುರಿಗೇ ಮಂಟಪ, ಎದುರಿಗೇ ವಧೂವರರು. ಆದರೆ ಮುಂದಿನ ಸಾಲಿನ ಚಿಕ್ಕಮ್ಮಂದಿರೆಲ್ಲ ಕತ್ತು ಅಡ್ಡ ತಿರುಗಿಸಿ ಬದಿಯ ಪರದೆಯಲ್ಲಿ ಧಾರೆ ನೋಡುತ್ತಿರುತ್ತಾರೆ. ನನ್ನ ಮದುವೆಯಲ್ಲಿ ಸ್ವತಃ ನಾನೇ ತಾಳಿ ಕಟ್ಟಿಸಿಕೊಳ್ಳುವಾಗ ಓರೆಗಣ್ಣಿನಲ್ಲಿ ಪರದೆ ನೋಡಿ, ಸೀರೆಯ ನೆರಿಗೆ ಸರಿಯಿದೆಯೇ ಎಂದು ಪರೀಕ್ಷಿಸಿದ್ದೆ. ಟಿವಿಯಲ್ಲಿ ಬಂದದ್ದು ನಡೆದದ್ದಕ್ಕಿಂತ ಒಂದು ತೂಕ ಹೆಚ್ಚು ಎಂಬುದು ನಮ್ಮ ಅಲಿಖಿತ ಶಾಸ್ತ್ರ.

ಇನ್ನೊಂದು ಕಾರಣವೂ ಇತ್ತು, ಅದನ್ನು ಹೇಳಲು ನಾಚಿಕೆಯಾಗುತ್ತದೆ. ನಾನು ನೋಡಿದರೆ ಸಾಕಾಗುತ್ತಿರಲಿಲ್ಲ, ನಾನು ನೋಡುವುದನ್ನು ನಾಲ್ಕು ಜನ ನೋಡಬೇಕಿತ್ತು. ಸುತ್ತಮುತ್ತಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಮಗನ ಪಿಯಾನೋ ಗ್ರೇಡು ಹಾಕುತ್ತಾರೆ, ಇನ್ನೊಬ್ಬರು ಮಗಳು ಪರೀಕ್ಷೆ ಬರೆದು ಗೆದ್ದ ಗ್ರಾಮರ್ ಸ್ಕೂಲಿನ ಸೀಟು ಹಾಕುತ್ತಾರೆ. ನಾನು ಇಷ್ಟು ವರ್ಷ ಹೆಬ್ಬೆರಳೆತ್ತಿ ಎತ್ತಿ ಸವೆದುಹೋಗಿದ್ದೆ. 'ಶನಿವಾರ ನಮ್ಮ ಪ್ರಣತಿ ಟಿವಿಯಲ್ಲಿ! ಎಲ್ಲರೂ ನಮ್ಮನೆಗೆ ಬನ್ನಿ' ಎಂದು ಬರೆದೇಬಿಟ್ಟೆ. ಹಾಗಾಗಿ ನನ್ನ ಪಾಲಿನ ಟಿಕೆಟ್ಟು ಸುಧಾಕರನ ಸಹೋದ್ಯೋಗಿ ಗಿರೀಶನಿಗೆ ಹೋಯಿತು. ಅವನ ಬಳಿ ಫಿರಂಗಿಯಷ್ಟು ಉದ್ದದ ಕ್ಯಾಮೆರಾ ಇತ್ತು. (ಅದನ್ನು ಗೇಟಿನಲ್ಲೇ ಇಟ್ಟುಕೊಂಡರಂತೆ. ಕೊನೆಗೆ ಅವನು ಫೋನಿನಲ್ಲಿ ತೆಗೆದ ಫೋಟೋದಲ್ಲಿ ಮುಂದಿನ ಸಾಲಿನವನ ಟೋಪಿ ಬಹಳ ಸ್ಪಷ್ಟವಾಗಿ ಬಂದಿದೆ.)

ಪ್ರಣತಿಗೆ ಹೇಳಿದೆ, "ನಾನು ಮನೆಯಲ್ಲಿ ಟಿವಿಯಲ್ಲಿ ನೋಡ್ತೀನಿ ಪುಟ್ಟಾ, ಎಲ್ಲರಿಗೂ ತೋರಿಸ್ತೀನಿ." ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ "ಓಕೆ" ಎಂದಳು. ಒಪ್ಪಿಗೆಯಾಯಿತು ಎಂದುಕೊಂಡು ನಾನು ಮೈದಾ ಕಲಸಲು ಹೋದೆ.

ಶನಿವಾರ ಎರಡು ಗಂಟೆಗೇ ಮನೆ ತುಂಬಿತು. ಮೈಸೂರಿನ ಜಯಶ್ರೀ ಹಣೆಗೆ ಕುಂಕುಮ ಇಟ್ಟುಕೊಂಡೇ ಬಂದಿದ್ದಳು, ಸೀಮಂತಕ್ಕೆ ಬಂದಂತೆ. ಬೆಂಗಳೂರಿನ ರಾಘು, ನೆಟ್‌ವರ್ಕ್ ಇಂಜಿನಿಯರು, ಟಿವಿಗೆ ಅತಿ ಹತ್ತಿರದ ಕುರ್ಚಿ ಹಿಡಿದ. ಮೌರೀನಳನ್ನೂ ಕರೆದಿದ್ದೆ. ಗೋಳಿಬಜೆ, ಚಟ್ನಿ, ಕೇಸರಿಬಾತು ಸುತ್ತು ಬಂದವು. ಟಿವಿಯಲ್ಲಿ ಕೋಟು ತೊಟ್ಟ ನಾಲ್ವರು ಗಂಡಸರು ಮೇಜಿನ ಮುಂದೆ ಕೂತು ತಮ್ಮ ತಮ್ಮ ಪುಟ್ಟ ಟಿವಿಗಳನ್ನು ನೋಡುತ್ತ ಮಾತಾಡುತ್ತಿದ್ದರು. ಪೀಠಿಕೆ ಇರಬೇಕು ಎಂದು ಕಾದೆವು. ಮೂರು ಗಂಟೆ ಹತ್ತಿರವಾದರೂ ಅದೇ ನಾಲ್ವರು. ಅವರು ಏನನ್ನೋ ನೋಡುತ್ತಿದ್ದರು, ನಾವು ಅವರು ನೋಡುವುದನ್ನು ನೋಡುತ್ತಿದ್ದೆವು.

"ಚಾನೆಲ್ ತಪ್ಪು ಅನ್ಸತ್ತೆ" ಎಂದು ರಾಘು ರಿಮೋಟ್ ಕಸಿದುಕೊಂಡ. ಒಂದರಲ್ಲಿ ಗಾಲ್ಫು, ಇನ್ನೊಂದರಲ್ಲಿ ಗೋಡೆಯ ದುಂಡು ಹಲಗೆಗೆ ಪುಟ್ಟ ಬಾಣ ಎಸೆಯುವ ಡೊಳ್ಳುಹೊಟ್ಟೆಯವರು. "ಪ್ಯಾಕೇಜೇ ಬೇರೆ ಇರ್ಬೇಕು" ಎಂದರು ಒಬ್ಬರು. "ಪೋಸ್ಟ್‌ಕೋಡ್ ತಪ್ಪು ಹಾಕಿದ್ದಾರೆ" ಎಂದರು ಇನ್ನೊಬ್ಬರು. ರಾಘು ಬಾಕ್ಸಿನ ಪ್ಲಗ್ ಕಿತ್ತು ಮತ್ತೆ ಚುಚ್ಚಿದ. ನಮ್ಮ ಇಂಜಿನಿಯರುಗಳ ಅಂತಿಮ ಬ್ರಹ್ಮಾಸ್ತ್ರ ಅದು. ಬ್ರಹ್ಮಾಸ್ತ್ರದ ಹೊಗೆ ಆರಿದ ಮೇಲೆ ಮತ್ತೆ ಆ ನಾಲ್ವರು ಗಂಡಸರು.

ಆಗ ಮೌರೀನ್ ತಟ್ಟೆ ಕೆಳಗಿಟ್ಟಳು. "ಶನಿವಾರದ ಮೂರು ಗಂಟೆ ಪಂದ್ಯ ಅಲ್ಲವೇ, ಬ್ಯಾಬ್? ಈ ದೇಶದಲ್ಲಿ ಯಾರಿಗೂ ತೋರಿಸುವುದಿಲ್ಲ." ಬ್ಯಾಬ್ ಎಂದರೆ ಇಲ್ಲಿಯವರ ಬಾಯಲ್ಲಿ ನಮ್ಮ 'ಮಗಾ' ಇದ್ದಂತೆ. ದಶಕಗಳಷ್ಟು ಹಳೆಯ ನಿಯಮವಂತೆ. ಆ ಹೊತ್ತಿನ ಆಟವನ್ನು ಟಿವಿಯಲ್ಲಿ ತೋರಿಸಿದರೆ ಜನ ಸೋಫಾ ಬಿಟ್ಟು ಏಳುವುದಿಲ್ಲ, ಊರೂರಿನ ಸಣ್ಣ ಮೈದಾನಗಳು ಬಿಕೋ ಎನ್ನುತ್ತವೆ ಎಂದು. ನಾವು ಸುಮ್ಮನೆ ಚಹಾಕ್ಕೆ, ಫಲಿತಾಂಶ ಕೇಳುವುದಕ್ಕೆ ಸೇರಿದ್ದೇವೆಂದು ಆಕೆ ತಿಳಿದಿದ್ದಳಂತೆ. ಆಮೇಲೆ ಬಹಳ ಮೆತ್ತಗೆ ಕೇಳಿದಳು, "ಮೈದಾನ ಇಲ್ಲೇ ಹತ್ತಿರವಲ್ಲವೇ? ನೀನು ಯಾಕೆ ಹೋಗಲಿಲ್ಲ?"

ಭೂಮಿ ಬಾಯಿ ಬಿಡಲಿ ಎನ್ನುತ್ತಾರಲ್ಲ, ನಮ್ಮ ಲ್ಯಾಮಿನೇಟ್ ನೆಲ ಅದಕ್ಕೂ ಒಪ್ಪಲಿಲ್ಲ. ಜಯಶ್ರೀ ಚಾವಣಿ ನೋಡಿದಳು. ನಾನು "ಇನ್ನೂ ಸ್ವಲ್ಪ ಚಟ್ನಿ?" ಎಂದೆ.

ನಮ್ಮ ಪಂಚಾಂಗಗಳಲ್ಲಿ ಗ್ರಹಣದ ಕೆಳಗೆ ಒಂದು ಸಾಲು ಇರುತ್ತದೆ: ಈ ಪ್ರದೇಶದಲ್ಲಿ ಗೋಚರವಿಲ್ಲ, ಆಚರಣೆ ಇಲ್ಲ. ಬೇರೆ ದೇಶದವರಿಗೆ ಕಾಣುವ ಗ್ರಹಣಕ್ಕೆ ನಾವು ಸ್ನಾನ ಮಾಡಬೇಕಿಲ್ಲ, ನೀರಿಗೆ ದರ್ಭೆ ಹಾಕಬೇಕಿಲ್ಲ. ಎಂಥ ವಿವೇಕ! ನಾನು ಗೋಚರವಿಲ್ಲದ್ದಕ್ಕೆ ಊರು ಕರೆದು ಆಚರಣೆ ಇಟ್ಟುಕೊಂಡವಳು. ಅದೂ ಇದು ಎಂಥ ವಿಚಿತ್ರ ಗ್ರಹಣವೆಂದರೆ, ನಡೆಯುವ ಊರಿನಲ್ಲೇ ಕಾಣುವುದಿಲ್ಲ, ಉಳಿದ ಜಗತ್ತಿಗೆಲ್ಲ ಕಾಣುತ್ತದೆ. ಅದು ಗೊತ್ತಾದದ್ದು ಮರುಕ್ಷಣ, ಸುರತ್ಕಲ್ಲಿನಿಂದ ನನ್ನ ತಂಗಿ ವೀಣಾಳ ವೀಡಿಯೊ ಕಾಲ್ ಬಂದಾಗ.

"ಅಕ್ಕಾ, ಸಾಲಾಗಿ ಮಕ್ಕಳು ನಿಂತಿದ್ದಾರೆ, ನೋಡಿದ್ಯಾ?"

"ಇಲ್ಲಿ ಬರುವುದಿಲ್ಲ ಮಾರಾಯ್ತಿ."

"ಎಂತ? ಅಲ್ಲೇ ನಡೆಯುವುದು ಅಲ್ಲೇ ಬರುವುದಿಲ್ವಾ? ನಮ್ಮಲ್ಲಿ ಲಾಯ್ಕ್ ಬರ್ತಾ ಉಂಟು!"

ಅವಳು ಫೋನನ್ನು ತನ್ನ ಟಿವಿಯತ್ತ ತಿರುಗಿಸಿದಳು. ಹದಿನೈದು ನಿಮಿಷದ ಕಾರು ದಾರಿಯಲ್ಲಿದ್ದ ನನ್ನ ಮಗಳು ಆಕಾಶಕ್ಕೆ ಹೋಗಿ, ಅರಬ್ಬೀ ಸಮುದ್ರದ ದಂಡೆಗೆ ಇಳಿದು, ವೀಣಾಳ ಕೈ ನಡುಗಿದಂತೆ ನಡುಗುತ್ತ ನನ್ನ ಅಂಗೈಗೆ ಬಂದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರ ಕಥೆ ಕೇಳಿದ್ದೆ, ಈಗ ಅವರ ಸಾಲಿಗೆ ಸೇರಿದೆ. ಎಲ್ಲರೂ ನನ್ನ ಹೆಗಲ ಮೇಲೆ ಬಾಗಿದರು. ಮೌರೀನ್ ಹಾಕಿಕೊಟ್ಟ ರೇಡಿಯೋದಲ್ಲಿ ಆಟ ಶುರುವಾಗಿಯೇ ಹೋಗಿತ್ತು, ಅಷ್ಟು ದೂರ ಸುತ್ತಿ ತಡವಾಗಿ ಬಂದ ನಮ್ಮ ಫೋನಿನ ಚಿತ್ರದಲ್ಲಿ ಮಕ್ಕಳು ಇನ್ನೂ ನಡೆದು ಬರುತ್ತಿದ್ದರು. ಆಜಾನುಬಾಹು ಆಟಗಾರನೊಬ್ಬನ ಕೈ ಹಿಡಿದು, ಮೊಣಕಾಲಿನವರೆಗೆ ಕಾಲುಚೀಲ ಎಳೆದುಕೊಂಡು, ನನ್ನ ಪ್ರಣತಿ! ಎಲ್ಲ ಮಕ್ಕಳೂ ನೇರ ನೋಡುತ್ತಿದ್ದರೆ ಇವಳೊಬ್ಬಳು ಕತ್ತೆತ್ತಿ ಆ ಕಡೆ ಈ ಕಡೆ ನೋಡುತ್ತಿದ್ದಳು.

"ಯಾರನ್ನೋ ಹುಡುಕ್ತಾ ಇದ್ದಾಳೆ ಅಕ್ಕಾ" ಎಂದಳು ವೀಣಾ. ಚಿತ್ರ ಅಲ್ಲಿಗೇ ನಿಂತುಹೋಯಿತು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಂಜೆ ಅಪ್ಪ ಮಗಳು ಬಂದಾಗ ಅತಿಥಿಗಳೆಲ್ಲ ಹೋಗಿದ್ದರು. ನಾನು ಬಾಣಲೆ ಉಜ್ಜುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ತಿರುಗದೆಯೇ, "ಟಿವಿಯಲ್ಲಿ ಎಷ್ಟು ಚೆನ್ನಾಗಿ ಕಾಣ್ತಿದ್ದೆ ಗೊತ್ತಾ!" ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು.

"ಅಮ್ಮಾ, ಥ್ರೀ ಓ ಕ್ಲಾಕ್ ಗೇಮ್ಸ್ ಟೆಲಿಯಲ್ಲಿ ಬರಲ್ಲ. ಎವ್ರಿವನ್ ನೋಸ್ ದಟ್."

ಬಾಣಲೆ ಕೆಳಗಿಟ್ಟೆ. "ನಿನಗೆ ಗೊತ್ತಿತ್ತಾ? ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಇಲ್ಲಿಂದ ಮುಂದೆ ಅವಳು ಇಂಗ್ಲಿಷಿನಲ್ಲೇ ಹೇಳಿದಳು. ನನಗೆ ಕೇಳಿಸಿದ್ದು ಕನ್ನಡದಲ್ಲಿ. ನಿನಗೂ ಗೊತ್ತಿದೆ ಅಂದುಕೊಂಡೆ. ನಿನಗೆ ಬರಲು ಇಷ್ಟವಿಲ್ಲ, ಅದಕ್ಕೇ ಟಿವಿ ಅಂತ ಹೇಳ್ತಿದ್ದೀಯ ಅಂದುಕೊಂಡೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಬೈದು ಪಾರಾಗುತ್ತಿದ್ದೆ. "ಮತ್ತೆ ಮೈದಾನದಲ್ಲಿ ಯಾರನ್ನ ಹುಡುಕ್ತಾ ಇದ್ದೆ ಮಗಾ?" ಎಂದು ಕೇಳಿದೆ. ಕೇಳಬಾರದಿತ್ತು.

ಅವಳು ಭುಜ ಹಾರಿಸಿದಳು. "ಸರ್ಪ್ರೈಸ್ ಆಗಿ ಬಂದಿರ್ತೀಯೇನೋ ಅಂತ."

ನಾನು ಅಂದು ಅತ್ತೆ. ಲಲಿತವಾಗಿ ಬರೆಯಲು ಹೊರಟವಳು ಇದನ್ನು ಬರೆಯಬಾರದು, ಆದರೆ ಅತ್ತೆ. ಮನೆಯಲ್ಲೇ ಕೂತಿರುವವರನ್ನು ಎಬ್ಬಿಸಿ ಮೈದಾನಕ್ಕೆ ಕಳಿಸಲೆಂದೇ ಒಂದು ದೇಶ ಇಷ್ಟು ಕಾಲದಿಂದ ನಿಯಮ ಮಾಡಿಟ್ಟುಕೊಂಡಿತ್ತು. ನನ್ನಂಥವಳಿಗಾಗಿಯೇ ಮಾಡಿದ ನಿಯಮ, ನನಗೇ ತಿಳಿದಿರಲಿಲ್ಲ. ಮೌರೀನಳ ಪ್ರಶ್ನೆಗೆ ಉತ್ತರ ಈಗಲೂ ನನ್ನಲ್ಲಿಲ್ಲ, ಹಾಗಾಗಿ ಬಿನ್ ಇಡುವಾಗ ಪರದೆ ನೋಡುವುದೂ ತಪ್ಪಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಅವಳ ತಂಡದ ಆಟವಿತ್ತು. ಆಸ್ಪತ್ರೆಯ ಡ್ಯೂಟಿ ರೋಟಾ ಬದಲಾಯಿಸಿಕೊಂಡು ಹೋದೆ. ಜಡಿಮಳೆಯಲ್ಲದಿದ್ದರೂ ಮೂಳೆಗಿಳಿಯುವ ಸೋನೆ. ಗೆರೆಯ ಆಚೆ ಏಳೆಂಟು ಜನ ಅಪ್ಪ ಅಮ್ಮಂದಿರು, ಒಂದು ಒದ್ದೆ ನಾಯಿ. ಪ್ರಣತಿಯ ಕಾಲಿಗೆ ಚೆಂಡು ಬಂತು ನೋಡಿ, ನನಗೆ ಏನಾಯಿತೋ, "ಓಡೇ ಪ್ರಣತೀ, ಬಿಡಬೇಡ, ಒದಿ, ಒದಿಯೇ!" ಎಂದು ಊರಿನ ಗಂಟಲಿನಲ್ಲಿ ಕೂಗಿದೆ. ನಾಯಿ ಬೆಚ್ಚಿಬಿದ್ದಿತು. ಚೆಂಡು ಎದುರಾಳಿಗೆ ಹೋಯಿತು.

ಪ್ರಣತಿ ಆಟ ಬಿಟ್ಟು ನೇರ ನನ್ನ ಹತ್ತಿರ ಓಡಿ ಬಂದಳು. ಮುಖ ಕೆಂಪಾಗಿತ್ತು. "ಅಮ್ಮಾ, ಪ್ಲೀಸ್! ಯು ಆರ್ ಸೋ ಎಂಬರಸಿಂಗ್!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಅಂತೂ ಮನೆಯ ನಾಚಿಕೆ ಈಗ ಅವಳ ಪಾಲಿಗೆ ಬಂದಿತ್ತು. ಆದರೆ ನಾನೆಲ್ಲಿದ್ದೇನೆಂದು ಅವಳು ಕತ್ತೆತ್ತಿ ಹುಡುಕಬೇಕಾಗಿರಲಿಲ್ಲ. "ಆಯ್ತು ಮಗಾ, ಇನ್ನು ಕೂಗಲ್ಲ" ಎಂದೆ. ಅವಳು ತಿರುಗಿ ಓಡಿದಳು. ಅರ್ಧ ಮೈದಾನ ದಾಟುವವರೆಗೆ ತಡೆದುಕೊಂಡೆ, ಆಮೇಲೆ ಕೂಗಿದೆ.