ಇಬ್ಬರು ಕಳಕಮ್ಮಂದಿರು, ಒಬ್ಬ ಶಮೀನಾ ಮೇಡಂ

ನನ್ನ ಅಕ್ಷರ ಸೊಟ್ಟ, ಶಬ್ದಗಳೂ ಕಡಿಮೆ, ಓದುವವರು ಕ್ಷಮಿಸಬೇಕು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ತಪ್ಪು ಬರೆಯಬಾರದೆಂದು ಶಮೀನಾ ಮೇಡಂ ಅವರನ್ನೇ ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಶಮೀನಾ ಹುಟ್ಟಿದ್ದು ಗಂಗಾವತಿಯಲ್ಲಿ. ತಂದೆ ಉಮರಸಾಬ ರಫೂ ಮಾಡುವವರು. ಇಲಿ ಕಡಿದ ಸೀರೆಯಾಗಲಿ, ಕಿಡಿ ಬಿದ್ದ ಕೋಟಾಗಲಿ, ಅದೇ ಬಟ್ಟೆಯ ಅಂಚಿನಿಂದ ಎಳೆ ತೆಗೆದು, ಹರಿದದ್ದು ಗೊತ್ತಾಗದಂತೆ ಹೆಣೆದು ಕೊಡುತ್ತಿದ್ದರು. ಮಗಳು ಜೀವರಸಾಯನಶಾಸ್ತ್ರ ಓದಿ ಧಾರವಾಡದ ಒಂದು ಪ್ರಯೋಗಾಲಯ ಸೇರಿದಾಗ, “ಅಲ್ಲೇನ್ ಮಾಡ್ತೀ ಬೇಟಿ?” ಎಂದು ಕೇಳಿದರು.

“ನಿಮ್ಮ ಕೆಲಸಾನ ಅಬ್ಬಾ, ಸೂಜಿ ಇಲ್ಲ ಅಷ್ಟ.”

ನಮ್ಮ ಮೈಯ ಪ್ರತಿ ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದದ ಎಳೆಯಿದೆ. ಅದು ದಿನವೂ ಅಲ್ಲಲ್ಲಿ ಹರಿಯುತ್ತದೆ. ಕೋಶವೇ ಅದಕ್ಕೆ ರಫೂ ಹಾಕಿಕೊಳ್ಳುತ್ತದೆ. ಈ ಕೆಲಸಕ್ಕೆ ಅದಕ್ಕೆ ಎರಡು ಕೈಗಳಿವೆ ಎಂದುಕೊಳ್ಳಿ. ಕೆಲವು ಕ್ಯಾನ್ಸರ್ ಕೋಶಗಳಿಗೆ ಒಂದು ಕೈ ಹೋಗಿರುತ್ತದೆ. ಔಷಧದಿಂದ ಇನ್ನೊಂದು ಕೈ ಕಟ್ಟಿಹಾಕಿದರೆ ಅವು ಸಾಯುತ್ತವೆ, ಒಳ್ಳೆಯ ಕೋಶಗಳು ಉಳಿಯುತ್ತವೆ. ಒಂದು ಕೈ ಕೆಡಿಸುವ ಈ ದೋಷ ಎಷ್ಟೋ ಸಲ ಹೆತ್ತವರಿಂದಲೇ ಬರುತ್ತದೆ, ರಕ್ತದಲ್ಲಿ ಕಾಣುತ್ತದೆ. ಆ ಮಾತ್ರೆ ಯಾರಿಗೆ ನಾಟುತ್ತದೆಂದು ರಕ್ತದಿಂದ ಗುರುತಿಸುವುದೇ ಶಮೀನಾರ ಹನ್ನೆರಡು ವರ್ಷದ ದುಡಿಮೆ.

ಕುಷ್ಟಗಿ ಕಡೆಯ ಕಳಕಮ್ಮ ಎಂಬ ರೋಗಿಯ ಲೆಕ್ಕ ಮಾತ್ರ ಕೂಡಲಿಲ್ಲ. ರಕ್ತದಲ್ಲಿ ದೋಷವಿಲ್ಲ, ಮಾತ್ರೆ ಬೇಡ ಎಂದು ವರದಿ ಬಂದಿತ್ತು. ಆದರೆ ಗೆಡ್ಡೆಯ ಕೋಶಗಳು ಹರಿದ ಎಳೆಯನ್ನು ಹಾಗೇ ಬಿಟ್ಟುಕೊಂಡು ಕೂತಿದ್ದವು. ಕಳಕಮ್ಮ ದಿನದಿನಕ್ಕೆ ಸೊರಗುತ್ತಿದ್ದರು.

“ಉಳಿದ ಅರವತ್ತು ಮಂದಿದು ಬರೋಬ್ಬರಿ ಐತಿ. ಒಂದಕ್ಕ ಯಾಕ ತಲಿ ಕೆಡಿಸ್ಕೊಂತೀರಿ? ಯಾದಿಯಿಂದ ತಗದುಬಿಡ್ರಿ,” ಎಂದರು ಪ್ರಯೋಗಾಲಯದ ಮುಖ್ಯಸ್ಥ ಪ್ರಭುರಾಜ.

“ಯಾದಿಯಿಂದ ತಗದ್ರ ರೋಗ ಹೋಗತೈತೇನ್ರಿ ಸರ?”

ಶಮೀನಾ ಹಳೆಯ ಫಾರಂಗಳನ್ನು ಹರವಿಕೊಂಡು ಕೂತರು. ಕೊಪ್ಪಳದಲ್ಲಿ ರೋಗಿಗಳದೂ ಅವರ ಮನೆತನದವರದೂ ರಕ್ತ ತೆಗೆದ ದಿನ ಒಬ್ಬರ ಹಿಂದೊಬ್ಬರು ಇಬ್ಬರು ಕಳಕಮ್ಮಂದಿರು ಬಂದಿದ್ದರು. ತವರೂರು ಒಂದೇ. ಗಂಡನ ಹೆಸರಿನ ಜಾಗ ಇಬ್ಬರದೂ ಖಾಲಿ. ಬರವಣಿಗೆ ಶಮೀನಾರದೇ. ಅಂದು ಅವರು ಕೇಳಿದ್ದರು. ಹೆಣ್ಣುಮಕ್ಕಳಿಬ್ಬರೂ ತಲೆ ತಗ್ಗಿಸಿ ನಕ್ಕಿದ್ದರು. ಶಮೀನಾರ ತಾಯಿ ಸರ್ದಾರಬೀಯೂ ಗಂಡನ ಹೆಸರನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಿದವರಲ್ಲ. ಹಾಗಾಗಿ ಒತ್ತಾಯಿಸದೆ ಬಿಟ್ಟಿದ್ದರು.

ಮರುದಿನ ಬೆಳಿಗ್ಗೆಯೇ ಶಮೀನಾ ಬಸ್ಸು ಹತ್ತಿ ರೋಗಿ ಕಳಕಮ್ಮನ ಊರಿಗೆ ಬಂದರು. ಕಳಕಮ್ಮನ ಪಕ್ಕದಲ್ಲಿ ಯಲಬುರ್ಗಾದಿಂದ ಬಂದಿದ್ದ ಚಿಕ್ಕಪ್ಪನ ಮಗಳು ಕೂತಿದ್ದಳು.

“ನಿಮ್ಮ ಯಜಮಾನ್ರ ಹೆಸರೇನ್ರಿ?”

“ಅಯ್ಯ, ನಾ ಹೆಂಗ ಹೇಳ್ಲಿ? ಇಕಿನ್ನ ಕೇಳ್ರಿ,” ಎಂದರು ಕಳಕಮ್ಮ.

“ಇಕಿ ಗಂಡ ಈಶಪ್ಪ,” ಎಂದಳು ತಂಗಿ. “ನನ್ನ ಗಂಡಂದು ಇಕಿ ಹೇಳ್ಲಿ.”

“ದುರುಗಪ್ಪ! ತೊಗೊ, ಊರಿಗೆಲ್ಲ ಕೇಳಿಸ್ತು.”

“ನಿನ್ನ ಹೆಸರೇನವ್ವಾ?”

“ನಂದೂ ಕಳಕಮ್ಮನ ರೀ. ಇಬ್ರಿಗೂ ಅಜ್ಜಿ ಹೆಸರಿಟ್ಟಾರ. ನಮ್ಮವ್ವ ಅತ್ತಿ ಹೆಸರ ಹಿಡದು ಕರೀಬಾರದಂತ ಸಣ್ಣವ್ವ ಅಂತಾಳ.”

ನಗು ಅಲ್ಲಿಗೆ ನಿಂತಿತು. ದೋಷವಿದೆ ಎಂಬ ವರದಿ ಹೋಗಿದ್ದು ಸಣ್ಣವ್ವನಿಗೆ. ಮುಂದೆ ಕ್ಯಾನ್ಸರ್ ಬರಬಾರದೆಂದು ಅಂಡಾಶಯ ತೆಗೆಸಲು ಅಂದಿನಿಂದ ಎಂಟನೆಯ ದಿನಕ್ಕೆ ಅವಳಿಗೆ ಆಪರೇಷನ್ ನಿಗದಿಯಾಗಿತ್ತು.

“ಇಬ್ರ ರಕ್ತಾನೂ ಅದಲು ಬದಲು ಆಗಿರಬೇಕು. ಮತ್ತೊಮ್ಮೆ ನೋಡ್ತೀನಿ, ಅಲ್ಲೀತನಕ ಆಪರೇಷನ್ ಬ್ಯಾಡ. ತಪ್ಪು ನಂದವ್ವಾ,” ಎಂದರು ಶಮೀನಾ.

“ಏನ್ರೀ ಬಾಯಾರ, ನನ್ನ ಹೊಟ್ಟಿ ಸುಮ್ಮಸುಮ್ಮನ ಕೊಯ್ಸಾಕಿದ್ರೇನು?”

“ಹೌದವ್ವಾ.” ಬೇರೆ ಯಾರ ಹೆಸರನ್ನೂ ಅವರು ಹೇಳಲಿಲ್ಲ.

ಆರನೆಯ ದಿನ ಇಬ್ಬರದೂ ಹೊಸ ರಕ್ತದ ವರದಿ ಬಂತು. ಸಣ್ಣವ್ವನಿಗೆ ಮೊದಲ ಫೋನ್ ಹೋಯಿತು: ಆಪರೇಷನ್ ಬೇಡ. ಕಳಕಮ್ಮನಿಗೆ ಮಾತ್ರೆ ಶುರುವಾಯಿತು. ಈ ಸಂಶೋಧನೆಯ ಪ್ರಬಂಧದಲ್ಲಿ ಶಮೀನಾ ತಮ್ಮ ತಪ್ಪನ್ನೂ ಬರೆದರು. ಎಲ್ಲರ ಗುರುತನ್ನೂ ಹೊಸದಾಗಿ ತಾಳೆ ನೋಡಿದ್ದರಿಂದ ಅದು ಐದು ತಿಂಗಳು ತಡವಾಯಿತು. ಈಗ ಅವರ ಫಾರಂನಲ್ಲಿ ಗಂಡನ ಹೆಸರು ಕೇಳುವುದಿಲ್ಲ. ಫೋಟೊ ಮತ್ತು ಫೋನ್ ನಂಬರು ತೆಗೆದುಕೊಳ್ಳುತ್ತಾರೆ.

ಆ ಕಳಕಮ್ಮ ನನ್ನ ಅವ್ವ. ಗೆಡ್ಡೆ ಪೂರ್ತಿ ಹೋಗಿಲ್ಲ, ಕುಗ್ಗಿದೆ. ಅವ್ವ ಮತ್ತೆ ರೊಟ್ಟಿ ಬಡಿಯುತ್ತಾಳೆ. ಅವಳ ದೋಷ ನನಗೂ ಬಂದಿರಬಹುದು, ಬರದೆಯೂ ಇರಬಹುದು. ಹದಿನೆಂಟು ತುಂಬದೆ ಪರೀಕ್ಷೆ ಮಾಡುವುದಿಲ್ಲವೆಂದು ಮೇಡಂ ಹೇಳಿದ್ದಾರೆ. ಬರುವ ಜನವರಿಗೆ ನನಗೆ ಹದಿನೆಂಟು. ಆಗ ಕೊಪ್ಪಳಕ್ಕೆ ಹೋಗಿ ರಕ್ತ ಕೊಡುತ್ತೇನೆ.